‘ಏಡಿ ಮುಗಿಯಲಿ’ ಎನ್ನುವ ಊರಿನಲ್ಲಿ ರಕ್ತ ತೆಗೆಯುವ ವೆಲ್ಮಾ

ಬೆಳಕು ಇನ್ನೂ ಬಂದರಿನ ನೀರಿಗೆ ಇಳಿದಿಲ್ಲ. ಕ್ಲಿನಿಕ್ಕಿನ ಹಿಂಬದಿಯ ಕೋಣೆಯಲ್ಲಿ ವೆಲ್ಮಾ ಡರ್ನ್‌ಫರ್ಡ್ ಎರಡೂ ಅಂಗೈಗಳನ್ನು ಹೀಟರಿನ ಮೇಲೆ ಹಿಡಿದು ನಿಂತಿದ್ದಾರೆ. ತಣ್ಣನೆಯ ಬೆರಳು ತಾಗಿದರೆ ಜನ ತೋಳು ಬಿಗಿಹಿಡಿಯುತ್ತಾರೆ, ನರ ಒಳಗೆ ಸರಿಯುತ್ತದೆ. ಅಂಗೈ ಕಾದ ಮೇಲೆ ಕೊಳವೆಗಳನ್ನು ಬಣ್ಣಬಣ್ಣದ ಮುಚ್ಚಳಗಳ ಪ್ರಕಾರ ಜೋಡಿಸುತ್ತಾರೆ, ರಬ್ಬರ್ ಪಟ್ಟಿಯನ್ನು ಕುರ್ಚಿಯ ಕೈಗೆ ಸಿಕ್ಕಿಸುತ್ತಾರೆ, ಬಾಗಿಲಿನ ಚಿಲಕ ತೆಗೆಯುತ್ತಾರೆ. ಹೊರಗೆ ಜನ ಆಗಲೇ ಕಾಯುತ್ತಿದ್ದಾರೆ. ಎಲ್ಲರೂ ಹಸಿದಿದ್ದಾರೆ, ಹಾಗಾಗಿ ಎಲ್ಲರೂ ಸಿಡುಕುತ್ತಿದ್ದಾರೆ.

ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣ ತೀರದಲ್ಲಿರುವ ಡಾರ್ಬಿ ಹಾರ್ಬರಿಗೆ ರಸ್ತೆಯಿಲ್ಲ. ವಾರಕ್ಕೆ ಮೂರು ಸಲ ಫೆರಿ ಬರುತ್ತದೆ, ಅದೂ ಗಾಳಿ ಒಪ್ಪಿದರೆ. ಫೆರಿ ಹೊರಡುವುದರೊಳಗೆ ಊರಿನ ರಕ್ತ ಕೊಳವೆಗೆ ಬಂದು, ಯಂತ್ರದಲ್ಲಿ ಗಿರಗಿರನೆ ತಿರುಗಿ, ತಿಳಿಯಾಗಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕಟ್ಟಾಗಿ ದೋಣಿಗಳು ನಿಲ್ಲುವ ಧಕ್ಕೆಯನ್ನು ತಲುಪಬೇಕು. ಅದಿಷ್ಟನ್ನೂ ವೆಲ್ಮಾ ಒಬ್ಬರೇ ಮಾಡುತ್ತಾರೆ. ವೈದ್ಯರು ತಿಂಗಳಿಗೆರಡು ಸಲ ಬಂದು ಹೋಗುತ್ತಾರೆ. ಊರಿಗೆ ಅವರ ಹೆಸರು ಗೊತ್ತು. ಪ್ರಯೋಗಾಲಯದಿಂದ ಫಲಿತಾಂಶ ಬರುತ್ತದೆ. ಊರಿಗೆ ಆ ಅಂಕಿಗಳೂ ಬಾಯಿಪಾಠ. ನಡುವೆ ಸೂಜಿ ಹಿಡಿದವರನ್ನು ಯಾರೂ ನೆನೆಯುವುದಿಲ್ಲ. ನೆನೆದರೂ ಬೈಯಲಿಕ್ಕೆ.

ಮೊದಲು ಬಂದು ಕೂರುವವರು ಗಾರ್ಲೆಂಡ್. ಎಪ್ಪತ್ತು ದಾಟಿದ ಹಳೆಯ ಬೆಸ್ತ. ನಿನ್ನೆ ಸಂಜೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ, ತಾನೀಗ ಸತ್ತರೆ ವೆಲ್ಮಾ ಹೆಸರು ಬರೆದಿಟ್ಟೇ ಸಾಯುತ್ತೇನೆ ಎಂದು ಅವರು ಗೊಣಗುತ್ತಾರೆ. ವೆಲ್ಮಾ ಅವರ ಗಲ್ಲವನ್ನು ದೀಪದ ಕಡೆ ತಿರುಗಿಸಿ ನೋಡುತ್ತಾರೆ.

“ಗಡ್ಡದಲ್ಲಿ ಕಾಕಂಬಿ ಮೆತ್ಕೊಂಡಿದೆ, ಮಾರಾಯ. ಕರಿದ ಟೌಟನ್ ರೊಟ್ಟಿ ತಿಂದು ಬಂದು ಉಪವಾಸ ಅಂತೀಯ. ಎದ್ದೇಳು, ಮುಂದಿನ ಫೆರಿಗೆ ಬಾ.”

ಸಾಲಿನಲ್ಲಿದ್ದವರು ನಗುತ್ತಾರೆ. ವೆಲ್ಮಾ ನಗುವುದಿಲ್ಲ. ಹೊರಗೆ ಮೆಟ್ಟಿಲ ಮೇಲೆ ಬೂಟಿನ ಸದ್ದಾದಾಗಲೆಲ್ಲ ಅವರ ಕಣ್ಣು ಬಾಗಿಲಿಗೆ ಹೋಗಿ ಮರಳುತ್ತದೆ. ಹಳದಿ ಮುಚ್ಚಳದ ಒಂದು ಖಾಲಿ ಕೊಳವೆಯನ್ನು ಅವರು ಉಳಿದವುಗಳಿಂದ ಬೇರೆಯಾಗಿ ಇಟ್ಟಿದ್ದಾರೆ. ಅದು ಟ್ರೂಡಿಯವರದು, ಅಂದರೆ ವೆಲ್ಮಾ ಅವರ ತೀರಿಕೊಂಡ ತಮ್ಮನ ಮಗಳದು. ಫೆಬ್ರುವರಿಯಲ್ಲಿ ವೈದ್ಯರು ಬರೆದ ಪರೀಕ್ಷೆ. ಈಗ ಮಾರ್ಚ್ ಮುಗಿಯುತ್ತಿದೆ. ಸೋಮವಾರ ಏಡಿ ಹಿಡಿಯುವ ಕಾಲ ಶುರುವಾಗುತ್ತದೆ, ಟ್ರೂಡಿ ದೋಣಿ ಹತ್ತುತ್ತಾರೆ. ಅದಕ್ಕೆ ಮುಂಚಿನ ಕೊನೆಯ ಫೆರಿ ಇವತ್ತಿನದು.

ಈ ತೀರದಲ್ಲಿ ವರ್ಷವೆಂದರೆ ಏಡಿಯ ಕೆಲವು ವಾರಗಳು. ಆ ದುಡಿಮೆಯ ಮೇಲೆಯೇ ಉಳಿದ ತಿಂಗಳುಗಳ ಒಲೆ ಉರಿಯುತ್ತದೆ. ಹಾಗಾಗಿ ಇಲ್ಲಿ ಹಲ್ಲು ಕೀಳಿಸುವುದು ಏಡಿ ಮುಗಿದ ಮೇಲೆ, ಮದುವೆ ಏಡಿ ಮುಗಿದ ಮೇಲೆ, ಗಂಡಹೆಂಡತಿಯ ಜಗಳವೂ ಏಡಿ ಮುಗಿದ ಮೇಲೆ. ಯಾರಾದರೂ ‘ಏಡಿ ಮುಗಿಯಲಿ’ ಎಂದರೆ ಎದುರಿನವರು ಮರುಮಾತಾಡುವುದಿಲ್ಲ. ಅದು ನೆಪವಲ್ಲ, ಮರ್ಯಾದೆಯ ಮಾತು. ವೆಲ್ಮಾ ಕೂಡ ಇದೇ ಊರಿನವರು. ಆರು ವರ್ಷದ ಹಿಂದೆ ಅವರೂ ಆ ಮಾತಿಗೆ ತಲೆಯಾಡಿಸಿದ್ದರು.

ಹೇವರ್ಡ್ ಡರ್ನ್‌ಫರ್ಡ್, ಟ್ರೂಡಿಯ ಅಪ್ಪ, ವೆಲ್ಮಾಗೆ ಒಬ್ಬನೇ ತಮ್ಮ. ದೋಣಿ ಯಜಮಾನ ಎಬೆನ್ ಅವರ ಬಳಿ ಹುಡುಗನಾಗಿದ್ದಾಗಿನಿಂದ ದುಡಿದವರು. ಐವತ್ತರ ಹತ್ತಿರ ಬಂದಾಗ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಊರಲ್ಲಿ ಅರ್ಧ ಜನಕ್ಕೆ ಇರುವ ಕಾಯಿಲೆ, ಯಾರೂ ಬೆಚ್ಚಲಿಲ್ಲ. ಮಾತ್ರೆ ಕೊಟ್ಟರು, ತಿಂದರು. ಮೊದಲ ವರ್ಷ ಮಾತ್ರೆ ಕೆಲಸ ಮಾಡಿತು. ಆಮೇಲೆ ಹೇವರ್ಡ್ ಇಳಿಯತೊಡಗಿದರು.

ಇಳಿದದ್ದು ಎಲ್ಲರ ಕಣ್ಣೆದುರೇ. ಡಾರ್ಬಿ ಹಾರ್ಬರಿನ ಚರ್ಚ್ ಹಾಲಿನಲ್ಲಿ ಬುಧವಾರ ಬೆಳಿಗ್ಗೆ ತೂಕ ಇಳಿಸುವವರ ಕೂಟ ಸೇರುತ್ತದೆ. ಒಬ್ಬೊಬ್ಬರಾಗಿ ತಕ್ಕಡಿ ಹತ್ತುತ್ತಾರೆ, ತಕ್ಕಡಿಯ ಮುಳ್ಳನ್ನು ತಪ್ಪಿಲ್ಲದೆ ಓದುವವರು ಎಂಬ ಕಾರಣಕ್ಕೆ ತೂಕವನ್ನು ಕೂಗಿ ಹೇಳುವ ಕೆಲಸ ವೆಲ್ಮಾ ಅವರದೇ. ಆ ಚಳಿಗಾಲದಲ್ಲಿ ಎಲ್ಲರಿಗಿಂತ ಹೆಚ್ಚು ಇಳಿಸಿದವರು ಹೇವರ್ಡ್. ಡಾರ್ಟ್ ಆಟದ ಹಳೆಯ ಕಪ್ಪೊಂದನ್ನು ಉಜ್ಜಿ ಬೆಳಗಿ ಅವರಿಗೆ ಬಹುಮಾನ ಕೊಟ್ಟರು. ಪ್ಯಾಂಟು ಜಾರದಂತೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಂದಿದ್ದ ಹೇವರ್ಡ್, ತನ್ನ ಹೆಂಡತಿಯ ಅಡುಗೆಯೇ ಇದಕ್ಕೆ ಕಾರಣ, ಕಪ್ಪು ಅವಳಿಗೇ ಸಲ್ಲಬೇಕು ಎಂದು ಭಾಷಣ ಮಾಡಿದರು. ಹಾಲಿಗೆ ಹಾಲೇ ನಕ್ಕಿತು.

“ಕಪ್ಪು ಕೊಟ್ಟಿದ್ದು ನಾನೇ,” ಎನ್ನುತ್ತಾರೆ ವೆಲ್ಮಾ, ಕೊಳವೆಯೊಂದಕ್ಕೆ ಚೀಟಿ ಅಂಟಿಸುತ್ತ. “ತಬ್ಕೊಂಡಾಗ ಬೆನ್ನ ಮೂಳೆ ಕೈಗೆ ಸಿಕ್ತು. ಪರವಾಗಿಲ್ವೇ, ಬಾಯಿ ಕಟ್ಟೋದು ಕಲ್ತಿದ್ದಾನೆ ಅಂದ್ಕೊಂಡೆ. ಅವನು ಬಾಯಿ ಕಟ್ಟೇ ಇರಲಿಲ್ಲ. ತಿಂದಿದ್ದು ಮೈಗೆ ಸೇರ್ತಾ ಇರಲಿಲ್ಲ.”

ಊಟದಲ್ಲಿ ಹೇವರ್ಡ್ ನೀರಿನ ಜಗ್ಗನ್ನೇ ಬಾಯಿಗೆ ಇಟ್ಟುಕೊಳ್ಳುತ್ತಿದ್ದರು. ಭಾನುವಾರದ ಉಪ್ಪುಮಾಂಸದ ಮೇಲೆ ತಪ್ಪು ಹೊರಿಸಿ ಎಲ್ಲರೂ ಸುಮ್ಮನಾದರು.

ಸುಮ್ಮನಾಗದವರು ಒಬ್ಬರೇ. ತಿಂಗಳಿಗೆರಡು ಸಲ ಬರುವ ವೈದ್ಯೆ ಡಾ. ಕಾನ್‌ರಾಯ್. ಆ ಏಪ್ರಿಲಿನಲ್ಲಿ ಅವರು ಹೇವರ್ಡ್‌ಗೆ ಒಂದು ಹೊಸ ರಕ್ತಪರೀಕ್ಷೆ ಬರೆದರು. ದೊಡ್ಡವರಿಗೆ ಬರುವ ಸಕ್ಕರೆ ಕಾಯಿಲೆಯೆಲ್ಲ ಒಂದೇ ಜಾತಿಯದಲ್ಲ. ಕೆಲವರಲ್ಲಿ ಮೈಯ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳ ಮೇಲೆ ತಿರುಗಿ ಬೀಳುತ್ತದೆ. ಮಕ್ಕಳಲ್ಲಾದರೆ ಅದು ಬೇಗ ಬಯಲಾಗುತ್ತದೆ. ದೊಡ್ಡವರಲ್ಲಿ ನಿಧಾನವಾಗಿ, ವರ್ಷಗಟ್ಟಲೆ ನಡೆಯಬಹುದು. ಅಷ್ಟು ಕಾಲ ಅದು ಮಾಮೂಲಿ ಸಕ್ಕರೆ ಕಾಯಿಲೆಯ ವೇಷದಲ್ಲೇ ಓಡಾಡುತ್ತದೆ, ಮಾತ್ರೆಗೂ ಸ್ವಲ್ಪ ಬಗ್ಗಿದಂತೆ ನಟಿಸುತ್ತದೆ. ರಕ್ತದಲ್ಲಿ ಪ್ರತಿಕಾಯಗಳೆಂಬ ಗುರುತು ಇದೆಯೇ ಎಂದು ಹುಡುಕಿದರೆ ಆ ವೇಷ ಕಳಚುತ್ತದೆ. ವೈದ್ಯೆ ಇದನ್ನು ಊರಿನವರಿಗೆ ಅರ್ಥವಾಗುವಂತೆ ಹೇಳಿದ್ದನ್ನು ವೆಲ್ಮಾ ಇವತ್ತಿಗೂ ಹಾಗೇ ಹೇಳುತ್ತಾರೆ.

“ನಮ್ಮ ನಾಯೀನೇ ನಮ್ಮ ಕೋಳೀನ ಒಂದೊಂದಾಗಿ ತಿಂತಾ ಇದೆ ಅಂತಿಟ್ಕೊ. ಮೊಟ್ಟೆ ಕಡಿಮೆ ಆಯ್ತು ಅಂತ ನಾವು ಕೋಳಿಗೆ ಕಾಳು ಜಾಸ್ತಿ ಹಾಕ್ತಾ ಕೂತಿದ್ದೀವಿ. ನಾಯಿ ಬಾಯಲ್ಲಿ ಗರಿ ಇದೆಯಾ ಅಂತ ಒಂದ್ಸಲ ನೋಡಬೇಕಲ್ವಾ? ಆ ನೋಡೋದೇ ಈ ಪರೀಕ್ಷೆ.”

ಅದಕ್ಕೆ ಉಪವಾಸವೂ ಬೇಡ. ಒಂದು ಕೊಳವೆ ರಕ್ತ ಸಾಕು. ಆದರೆ ಹೇವರ್ಡ್ ಧಕ್ಕೆಯಲ್ಲಿ ಅಕ್ಕನನ್ನು ಪಕ್ಕಕ್ಕೆ ಕರೆದರು. ಗರಿ ಸಿಕ್ಕಿದರೆ ಇನ್ಸುಲಿನ್ ಶುರುಮಾಡುತ್ತಾರೆ. ಸೂಜಿ ಚುಚ್ಚಿಕೊಳ್ಳುವವನನ್ನು ಎಬೆನ್ ದೋಣಿಗೆ ಹತ್ತಿಸುತ್ತಾನೋ ಇಲ್ಲವೋ, ಈ ಕಾಲ ತಪ್ಪಿದರೆ ವರ್ಷವೇ ತಪ್ಪಿದ ಹಾಗೆ. ಏಡಿ ಮುಗಿಯಲಿ, ಆಮೇಲೆ ಒಂದಲ್ಲ ಹತ್ತು ಕೊಳವೆ ತಗೋ ಎಂದರು. ವೆಲ್ಮಾ ‘ಆಗಲಿ’ ಎಂದರು. ಮುಂದಿನ ಭೇಟಿಯಲ್ಲಿ ವೈದ್ಯೆ ವಿಚಾರಿಸಿದಾಗ ‘ಅವನು ಬರಲಿಲ್ಲ’ ಎಂದರು.

“ಅದು ಸುಳ್ಳಲ್ಲ,” ಎನ್ನುತ್ತಾರೆ ವೆಲ್ಮಾ. “ನಿಜಾನೂ ಅಲ್ಲ. ಅವನ ಮನೆ ಇಲ್ಲಿಂದ ಕೂಗಿದ್ರೆ ಕೇಳಿಸತ್ತೆ. ನಾನೇ ಹೋಗಬಹುದಿತ್ತು. ಡಾಕ್ಟರಮ್ಮನಿಗೆ ಕಾರಣ ಹೇಳಿದ್ರೆ ಅವರೇ ಅವನ ಹತ್ರ ಮಾತಾಡ್ತಿದ್ರು.”

ಮೇ ತಿಂಗಳಲ್ಲಿ ದೋಣಿ ದೂರ ಹೋಗಿತ್ತು. ಹೇವರ್ಡ್ ಬೆಳಗಿನಿಂದ ವಾಂತಿ ಮಾಡಿಕೊಳ್ಳುತ್ತಿದ್ದರು. ಜೀವಮಾನದಲ್ಲಿ ಒಮ್ಮೆಯೂ ಸಮುದ್ರ ತಲೆಗೇರದ ಮನುಷ್ಯ; ಜೊತೆಗಾರರಿಗೆ ಇದಕ್ಕಿಂತ ತಮಾಷೆ ಬೇಕೇ? ಇಷ್ಟು ವರ್ಷದ ಮೇಲೆ ಈಗ ಅಲೆ ಒಗ್ಗುತ್ತಿಲ್ಲವೇ, ಮನೆಯಿಂದ ತೊಟ್ಟಿಲು ತರಿಸಲೇ ಎಂದು ಎಬೆನ್ ಚುಕ್ಕಾಣಿಯ ಹತ್ತಿರದಿಂದಲೇ ಕೂಗಿದರು. ಹೇವರ್ಡ್ ಕೂಡ ನಕ್ಕರು. ಮಧ್ಯಾಹ್ನದ ಹೊತ್ತಿಗೆ ಓಡಿ ಬಂದವರಂತೆ ಉಸಿರೆಳೆಯುತ್ತಿದ್ದರು. ಬಾಯಿಂದ ಕೊಳೆತ ಸೇಬಿನ ವಾಸನೆ. ಹೆಸರು ಕರೆದರೆ ಓಗೊಡದಿದ್ದಾಗ ಎಬೆನ್ ದೋಣಿ ತಿರುಗಿಸಿದರು. ಮಂಜು ಕವಿದಿದ್ದರಿಂದ ಹೆಲಿಕಾಪ್ಟರ್ ಏಳಲಿಲ್ಲ. ದೋಣಿ ಧಕ್ಕೆಗೆ ತಾಗುವ ಮೊದಲೇ ಹೇವರ್ಡ್ ಹೋಗಿದ್ದರು. ಇನ್ಸುಲಿನ್ ಇಲ್ಲದ ಮೈ ಸಕ್ಕರೆಯನ್ನು ಬಳಸಲಾರದೆ ತನ್ನ ಕೊಬ್ಬನ್ನೇ ಕರಗಿಸಿಕೊಂಡಿತ್ತು, ಹಾಗೆ ಹುಟ್ಟಿದ ಆಮ್ಲ ರಕ್ತವನ್ನೆಲ್ಲ ವ್ಯಾಪಿಸಿತ್ತು.

ಊರು ಮಂಜನ್ನು ಬೈಯಿತು. ಟ್ರೂಡಿ ಮಾತ್ರೆಗಳನ್ನು ಬೈದರು. ಯಾರಿಗೂ ಏನೂ ಮಾಡಲು ಸಾಧ್ಯವಿರಲಿಲ್ಲ ಎಂದು ವೈದ್ಯೆಯೂ ಸೇರಿ ಎಲ್ಲರೂ ಆ ಮನೆಯಲ್ಲಿ ಹೇಳಿದರು. ವೆಲ್ಮಾ ಆ ಮಾತು ಕೇಳುತ್ತ ಚಹಾಕ್ಕೆ ಡಬ್ಬಿ ಹಾಲು ಬೆರೆಸುತ್ತಿದ್ದರು. ಅಂದಿನಿಂದ ತಮ್ಮನ ಮಗಳನ್ನು ಮಗಳಂತೆಯೇ ನೋಡಿಕೊಂಡರು. ಭಾನುವಾರದ ಊಟ ಟ್ರೂಡಿಯ ಮನೆಯಲ್ಲಿ, ಬೇಯಿಸುವವರು ವೆಲ್ಮಾ. ಆ ಒಂದು ಸಂಗತಿ ಮಾತ್ರ ಬಾಯಿಗೆ ಬರಲಿಲ್ಲ.

ಟ್ರೂಡಿಗೆ ಈಗ ಮೂವತ್ತಾರು. ಅಪ್ಪನ ಜಾಗದಲ್ಲೇ, ಅದೇ ದೋಣಿಯಲ್ಲಿ, ಅದೇ ಎಬೆನ್ ಕೈಕೆಳಗೆ ದುಡಿಯುತ್ತಾರೆ. ಕಳೆದ ಶರತ್ಕಾಲದಲ್ಲಿ ಅವರಿಗೂ ಸಕ್ಕರೆ ಎಂದು ತಿಳಿಯಿತು. ಮಾತ್ರೆ ಕೊಟ್ಟಿದ್ದಾರೆ. ಕ್ರಿಸ್‌ಮಸ್ ಕಳೆಯುವುದರೊಳಗೆ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡರು. ಡಾ. ಕಾನ್‌ರಾಯ್ ಫೆಬ್ರುವರಿಯಲ್ಲಿ ಪ್ರತಿಕಾಯ ಪರೀಕ್ಷೆ ಬರೆದರು. ದೋಣಿ ಹತ್ತುವ ಮೊದಲೇ ಆಗಬೇಕೆಂದು ಒತ್ತಿ ಹೇಳಿದರು. ಟ್ರೂಡಿ ಎರಡು ಸಲ ದಿನ ಗೊತ್ತುಮಾಡಿ ಎರಡು ಸಲವೂ ಬರಲಿಲ್ಲ.

ಇವತ್ತೂ ಬರುವುದಿಲ್ಲ. ಎಂಟೂವರೆಗೆ ಕೊನೆಯವರು ತೋಳು ಮಡಚಿಕೊಂಡು ಹೊರಡುತ್ತಾರೆ. ಮಂಜುಗಡ್ಡೆಯ ಪೆಟ್ಟಿಗೆ ಸಿದ್ಧವಾಗಿದೆ. ಒಂಬತ್ತೂವರೆಗೆ ಫೆರಿ. ವೆಲ್ಮಾ ಬೇರೆಯಾಗಿ ಇಟ್ಟಿದ್ದ ಕೊಳವೆ, ಸೂಜಿ, ಪಟ್ಟಿಗಳನ್ನು ಕೋಟಿನ ಒಳಜೇಬಿಗೆ ಸೇರಿಸಿ, ಕ್ಲಿನಿಕ್ಕಿಗೆ ಬೀಗ ಹಾಕಿ, ತಮ್ಮ ನಾಲ್ಕು ಗಾಲಿಯ ಗಾಡಿಯನ್ನು ಧಕ್ಕೆಯ ಕಡೆ ಓಡಿಸುತ್ತಾರೆ.

ಧಕ್ಕೆಯಲ್ಲಿ ಏಡಿಯ ಬೋನುಗಳನ್ನು ಮನೆಯೆತ್ತರ ಪೇರಿಸಿದ್ದಾರೆ, ಟ್ರೂಡಿ ಅವನ್ನು ದೋಣಿಗೆ ಏರಿಸುತ್ತಿದ್ದಾರೆ. ಎಬೆನ್ ದೋಣಿಯ ಮೇಲಿನಿಂದ ನೋಡಿ, ಈಗ ಮನೆಮನೆಗೆ ಬಂದು ರಕ್ತ ಹೀರುವುದಕ್ಕೆ ಶುರುಮಾಡಿದೆಯಾ ಮಾರಾಯ್ತಿ, ಸೊಳ್ಳೆಯಾದರೂ ಬೇಸಿಗೆಯ ತನಕ ಕಾಯುತ್ತದೆ ಎನ್ನುತ್ತಾರೆ. ವೆಲ್ಮಾ ಟ್ರೂಡಿಯ ತೋಳು ಹಿಡಿದು ಬೋನುಗಳ ಮರೆಗೆ ಕರೆದೊಯ್ಯುತ್ತಾರೆ. ಅಲ್ಲಿ ನಡೆದ ಮಾತನ್ನು ಇಬ್ಬರೂ ಪ್ರತ್ಯೇಕವಾಗಿ ನಮಗೆ ಹೇಳಿದ್ದಾರೆ, ಎರಡೂ ಒಂದೇ ಆಗಿವೆ. ಪ್ರಕಟಿಸಲು ಒಪ್ಪಿಗೆ ಕೇಳಿದಾಗ ಟ್ರೂಡಿ ಹೇಳಿದ್ದಿಷ್ಟು: ಅಪ್ಪನ ಹೆಸರನ್ನು ತಪ್ಪಿಲ್ಲದೆ ಬರೆಯಿರಿ.

“ಏಡಿ ಮುಗೀಲಿ ಅತ್ತೆ,” ಎಂದರು ಟ್ರೂಡಿ, ಇನ್ನೂ ನಗುತ್ತಲೇ. “ಆಮೇಲೆ ಬಕೆಟ್ ತಗೊಂಡು ಬಾ.”

“ನಿಮ್ಮಪ್ಪಾನೂ ಹೀಗೇ ಅಂದಿದ್ದ.”

“ಏನಂತ?”

“ಅವನಿಗೂ ಇದೇ ಪರೀಕ್ಷೆ ಬರೆದಿದ್ರು, ಟ್ರೂಡಿ. ಆ ಏಪ್ರಿಲಲ್ಲಿ. ಏಡಿ ಮುಗೀಲಿ ಅಂದ. ನಾನು ಆಗ್ಲಿ ಅಂದೆ. ಡಾಕ್ಟರಮ್ಮ ಕೇಳಿದಾಗ ಅವನು ಬರಲಿಲ್ಲ ಅಂದ್ಬಿಟ್ಟೆ.”

ಟ್ರೂಡಿಯ ಮುಖದ ನಗು ಒಮ್ಮೆಲೇ ಹೋಗಲಿಲ್ಲ. ಮರೆತು ಉಳಿದ ಹಾಗೆ ಸ್ವಲ್ಪ ಹೊತ್ತು ಅಲ್ಲೇ ಇತ್ತು.

“ಆರು ವರ್ಷ ನಮ್ಮನೇಲಿ ಊಟ ಮಾಡಿದ್ದೀಯ.”

“ಹೌದು.”

“ಅಪ್ಪ ದೋಣೀಲಿ ವಾಂತಿ ಮಾಡ್ಕೋತಿದ್ದಾಗ ಎಲ್ಲಿದ್ದೆ ನೀನು?”

“ಚರ್ಚ್ ಹಾಲಲ್ಲಿ. ಅವತ್ತು ಬುಧವಾರ. ತೂಕ ಓದ್ತಿದ್ದೆ.”

ಟ್ರೂಡಿ ಹಳದಿ ಮಳೆಯಂಗಿ ಕಳಚಿ, ಸ್ವೆಟರಿನ ತೋಳು ಮೇಲೆ ಸರಿಸಿ, ಬೋರಲು ಹಾಕಿದ ಮೀನಿನ ತೊಟ್ಟಿಯ ಮೇಲೆ ಕುಳಿತರು. ವೆಲ್ಮಾ ಪಟ್ಟಿ ಕಟ್ಟಿದರು. ಮೊದಲ ಸಲ ನರ ತಪ್ಪಿತು. ಊರಿನಲ್ಲಿ ಯಾರಿಗೂ ಎರಡು ಸಲ ಚುಚ್ಚದವರೆಂದು ಹೆಸರಾದವರು ವೆಲ್ಮಾ. ಟ್ರೂಡಿ ತೋಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಎರಡನೆಯ ಸಲ ಸಿಕ್ಕಿತು. ಹತ್ತಿ ಒತ್ತಿ ಹಿಡಿದುಕೊಂಡು ಎದ್ದಾಗ ಟ್ರೂಡಿ ಮೆಲ್ಲಗೆ ಹೇಳಿದರು:

“ಈ ಭಾನುವಾರ ಬರಬೇಡ. ಇನ್ಮೇಲೂ ಬರಬೇಡ.”

ವೆಲ್ಮಾ ತಲೆಯಾಡಿಸಿ, ಕೊಳವೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕ್ಲಿನಿಕ್ಕಿಗೆ ಮರಳುತ್ತಾರೆ. ಯಂತ್ರ ತಿರುಗುವಷ್ಟು ಹೊತ್ತೂ ಅದರ ಮುಂದೆಯೇ ನಿಂತಿರುತ್ತಾರೆ. ಫೆರಿ ಹೊರಡುವ ಮುನ್ನ ಪೆಟ್ಟಿಗೆ ಅದರ ಮೇಲಿದೆ.

ಈ ರಕ್ತ ಫೆರಿ ಇಳಿದು, ವ್ಯಾನು ಹತ್ತಿ, ವಿಮಾನದಲ್ಲಿ ಮುಖ್ಯಭೂಮಿಗೆ ಹೋಗಬೇಕು. ಉತ್ತರಕ್ಕೆ ವಾರಗಳು ಬೇಕು. ಟ್ರೂಡಿ ಸೋಮವಾರ ಸಮುದ್ರಕ್ಕೆ ಇಳಿದೇ ಇಳಿದರು. ಡಾ. ಕಾನ್‌ರಾಯ್ ಫೋನಿನಲ್ಲೇ ಕರಾರು ಹಾಕಿದ್ದರು: ದಡದ ಹತ್ತಿರದ ಸುತ್ತು ಮಾತ್ರ, ದಿನವೂ ಸಕ್ಕರೆಯನ್ನೂ ಆಮ್ಲವನ್ನೂ ಪರೀಕ್ಷಾ ಪಟ್ಟಿಯಲ್ಲಿ ನೋಡಿಕೊಳ್ಳಬೇಕು, ಹೊಟ್ಟೆ ತೊಳಸಿದರೆ ದೋಣಿ ತಿರುಗಬೇಕು. ಫೋನು ಹಿಡಿದು ಕರಾರಿಗೆ ಒಪ್ಪಿಕೊಂಡವರು ಎಬೆನ್. ವೆಲ್ಮಾ ಆ ವಾರಗಳಲ್ಲಿ ದೋಣಿ ಮರಳುವ ಹೊತ್ತಿಗೆ ಕ್ಲಿನಿಕ್ಕಿನ ಕಿಟಕಿಯಲ್ಲಿರುತ್ತಿದ್ದರು. ಹಳದಿ ಅಂಗಿ ತಾನಾಗಿಯೇ ಧಕ್ಕೆಗೆ ಹಾರಿ ಇಳಿಯುವುದನ್ನು ಕಂಡ ಮೇಲೆ ಪರದೆ ಎಳೆಯುತ್ತಿದ್ದರು.

ಏಪ್ರಿಲ್ ಮುಗಿಯುವ ಮುನ್ನ ಉತ್ತರ ಬಂತು. ಪ್ರತಿಕಾಯಗಳಿವೆ, ಅದೂ ಧಾರಾಳವಾಗಿ. ಮೈಯಲ್ಲಿ ಇನ್ಸುಲಿನ್ ಇನ್ನೂ ಸ್ವಲ್ಪ ಹುಟ್ಟುತ್ತಿದೆ, ಹೆಚ್ಚು ಕಾಲ ಹುಟ್ಟಲಾರದು. ಡಾ. ಕಾನ್‌ರಾಯ್ ಮಾತ್ರೆ ಬದಲಿಸಿ, ಕಡಿಮೆ ಪ್ರಮಾಣದ ಇನ್ಸುಲಿನ್ ಶುರುಮಾಡಿದರು. ಟ್ರೂಡಿ ಕೆಲವು ವಾರ ದಡದಲ್ಲಿ ಉಳಿದರು, ಆ ವರ್ಷದ ಏಡಿಯ ಅರ್ಧಭಾಗ ಕೈತಪ್ಪಿತು. ಜಾಗ ಮಾತ್ರ ತಪ್ಪಲಿಲ್ಲ. ಸೂಜಿ ಚುಚ್ಚಿಕೊಳ್ಳುವವಳನ್ನು ಹತ್ತಿಸಿಕೊಳ್ಳುತ್ತೀಯಾ ಎಂದು ಯಾರೋ ಕೇಳಿದ್ದಕ್ಕೆ ಎಬೆನ್, “ಒಂದ್ಸಲ ನಕ್ಕಿದ್ದೀನಿ. ಸಾಕು,” ಎಂದರಂತೆ. ಜೂನ್‌ನಲ್ಲಿ ಟ್ರೂಡಿ ಮತ್ತೆ ದೋಣಿ ಹತ್ತಿದಾಗ ಇನ್ಸುಲಿನ್ ಇಡಲು ದೋಣಿಯ ಚಿಕ್ಕ ಫ್ರಿಜ್ಜಿನಲ್ಲಿ ತಮ್ಮ ಬಿಯರನ್ನು ಸರಿಸಿ ಜಾಗ ಮಾಡಿಕೊಟ್ಟವರೂ ಅವರೇ.

ಅಪ್ಪನಿಗೂ ಇದೇ ಇತ್ತೇ ಎಂದು ಟ್ರೂಡಿ ವೈದ್ಯೆಯನ್ನು ಕೇಳಿದ್ದಾರೆ. ಇದ್ದಿರಬಹುದು, ಹೀಗೆ ರಕ್ತಸಂಬಂಧದಲ್ಲಿ ಕಾಣಿಸಿಕೊಳ್ಳುವುದುಂಟು ಎಂದು ಡಾ. ಕಾನ್‌ರಾಯ್ ಹೇಳಿದರು. ಖಚಿತವಾಗಿ ಹೇಳಲು ಬರುವುದಿಲ್ಲ. ತೆಗೆಯದ ರಕ್ತವನ್ನು ಯಾವ ಪ್ರಯೋಗಾಲಯವೂ ಓದಲಾರದು. ವೆಲ್ಮಾ ವೈದ್ಯೆಗೂ ಎಲ್ಲವನ್ನೂ ಹೇಳಿದ್ದಾರೆ. ಕೆಲಸ ಬಿಡುತ್ತೇನೆ ಎಂದದ್ದಕ್ಕೆ ವೈದ್ಯೆ, ಬಿಟ್ಟರೆ ಈ ಊರಿನ ರಕ್ತ ಯಾರು ತೆಗೆಯುತ್ತಾರೆ ಎಂದು ಕೇಳಿದರಂತೆ. ಅದು ಕ್ಷಮೆಯೇ ಶಿಕ್ಷೆಯೇ ಎಂದು ವೆಲ್ಮಾಗೆ ಇನ್ನೂ ತಿಳಿದಿಲ್ಲ. ಬುಧವಾರದ ಕೂಟಕ್ಕೆ ಹೋಗುವುದನ್ನಂತೂ ಅವರು ನಿಲ್ಲಿಸಿದ್ದಾರೆ.

ಈಗ ಅಕ್ಟೋಬರ್. ವೆಲ್ಮಾ ಬಾಗಿಲಿನ ಹತ್ತಿರ ನಿಂತು ಹಸಿದ ಸಾಲನ್ನು ಒಳಗೆ ಬಿಡುತ್ತಾರೆ. ‘ಆಮೇಲೆ ಬರುತ್ತೇನೆ’ ಎಂದವರ ಮನೆಗೆ ಅದೇ ದಿನ ತಾವೇ ಹೋಗುತ್ತಾರೆ. ಊರು ಇದನ್ನು ಕಾಟ ಎಂದು ಕರೆಯುತ್ತದೆ. ಭಾನುವಾರ ಒಬ್ಬರೇ ಉಣ್ಣುತ್ತಾರೆ. ನಿಮಗೊಂದು ಆಸೆ ಇದ್ದರೆ ಏನು ಎಂದು ಕೇಳಿದರೆ, ಇಲ್ಲ ಎಂದು ಕೈಯಾಡಿಸಿ ಮುಂದಿನವರ ಚೀಟಿ ನೋಡುತ್ತಾರೆ. ಕೋಣೆ ಖಾಲಿಯಾದ ಮೇಲೆ, ಕೇಳದೆಯೇ ಹೇಳುತ್ತಾರೆ.

“ಟ್ರೂಡಿ ಮೂರು ತಿಂಗಳಿಗೊಂದ್ಸಲ ರಕ್ತ ಕೊಡಬೇಕು. ಫೆರಿ ಹತ್ತಿ ಆಚೆ ಊರಿಗೆ ಹೋಗಿ ಕೊಡಬಹುದು, ಅಲ್ಲೂ ತಗೋತಾರೆ. ಹೋಗಲ್ಲ ಅವಳು. ಇಲ್ಲಿಗೇ ಬರ್ತಾಳೆ. ಮಾತಿಲ್ಲ, ಮುಖಾನೂ ನೋಡಲ್ಲ. ಹೇಳಿದ ದಿನಾನೇ ಬಂದು ತೋಳು ಚಾಚ್ತಾಳೆ. ಒಂದೇ ಸಲಕ್ಕೆ ಸಿಗೋ ಹಾಗೆ ತೆಗೀತೀನಿ. ನೋವಾಗಲ್ಲ ಅವಳಿಗೆ.”